ಕೈಗಡಕ್ಕೆ ಕಾನೂನಿಲ್ಲ

ನಾನು ಸಾಲ ಕೊಡುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕನ್ನಡದವರ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತವರು ಏನು ಕೆಲಸ ಎಂದು ಕೇಳಿದರೆ "ಫೈನಾನ್ಸಲ್ಲಿ" ಎಂದು ಹೇಳಿ ಹೋಳಿಗೆಯ ಕಡೆ ಮುಖ ತಿರುಗಿಸುತ್ತಿದ್ದೆ. ಸುಳ್ಳೇನಲ್ಲ. ಕೇಳಿದವರು ತಮ್ಮ ಮನಸ್ಸಿನಲ್ಲೇ ನನಗೊಂದು ಗಾಜಿನ ಕಟ್ಟಡ ಕಟ್ಟಿಕೊಡುತ್ತಿದ್ದರು, ನಾನು ಬೇಡ ಎನ್ನುತ್ತಿರಲಿಲ್ಲ. ನಿಜಕ್ಕೂ ನಮ್ಮ ಅಂಗಡಿ ಇರುವುದು ಕ್ಯಾಲಿಫೋರ್ನಿಯಾದ ನೆವಾರ್ಕಿನ ಒಂದು ಪ್ಲಾಜಾದಲ್ಲಿ, ಡೋನಟ್ ಅಂಗಡಿಗೂ ಲಾಂಡ್ರಿಗೂ ನಡುವೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಒಳಗೆ ಬರುವುದು ಸೋಪಿನ ವಾಸನೆ. ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಿಂದ ಕಾರಿನಲ್ಲಿ ಸ್ವಲ್ಪವೇ ದೂರ. ಮಂಡ್ಯದಲ್ಲಿ ಓದಿದ ಬಿ.ಕಾಂ. ಇಲ್ಲಿ ಯಾರಿಗೂ ಬೇಕಾಗದಿದ್ದಾಗ ಇವರು ಕರೆದು ಕೆಲಸ ಕೊಟ್ಟರು. ಆ ಋಣ ನನಗಿದೆ.

ಕೆಲಸ ಇಷ್ಟೇ. ಸಂಬಳ ಬರುವ ಮುಂಚೆಯೇ ದುಡ್ಡು ಖಾಲಿಯಾದವರು ನಮ್ಮಲ್ಲಿಗೆ ಬರುತ್ತಾರೆ. ಸಂಬಳದ ದಿನದ ತಾರೀಖು ಹಾಕಿ ಚೆಕ್ ಬರೆದುಕೊಡುತ್ತಾರೆ. ನಾವು ಶುಲ್ಕ ಮುರಿದುಕೊಂಡು ಉಳಿದದ್ದನ್ನು ನೋಟಿನಲ್ಲಿ ಎಣಿಸಿ ಕೊಡುತ್ತೇವೆ. ಕ್ಯಾಲಿಫೋರ್ನಿಯಾದ ಕಾನೂನು ಇದಕ್ಕೆಲ್ಲ ಬೇಲಿ ಹಾಕಿಟ್ಟಿದೆ. ಚೆಕ್ಕು ಮುನ್ನೂರು ಡಾಲರ್ ದಾಟುವಂತಿಲ್ಲ. ಅದರಲ್ಲಿ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ. ಮುನ್ನೂರಕ್ಕೆ ಬರೆದವರಿಗೆ ಸಿಗುವುದು ಇನ್ನೂರೈವತ್ತೈದು. ಗಡುವು ಹೆಚ್ಚೆಂದರೆ ಒಂದು ತಿಂಗಳು. ಹಳೆಯದು ತೀರುವ ತನಕ ನಾವು ಅವರಿಗೆ ಇನ್ನೊಂದು ಕೊಡುವಂತಿಲ್ಲ, ಗಡುವು ಮುಂದೂಡಿದ್ದಕ್ಕೆಂದು ಮತ್ತೆ ಕಾಸು ಕೀಳುವಂತಿಲ್ಲ, ಚೆಕ್ಕು ವಾಪಸಾದರೆ ಹದಿನೈದು ಡಾಲರು ದಂಡ ಒಂದೇ ಸಲ, ಜೈಲಿಗೆ ಹಾಕಿಸುತ್ತೇವೆ ಎಂದು ಹೆದರಿಸುವಂತಿಲ್ಲ. ಇದನ್ನೆಲ್ಲ ದಪ್ಪ ಅಕ್ಷರದಲ್ಲಿ ಗೋಡೆಗೆ ಹಾಕಿದ್ದಾರೆ. ಅದನ್ನು ನಾನು ಬಾಯಲ್ಲೂ ಹೇಳಬೇಕು, ಅದು ನಮ್ಮ ಅಂಗಡಿಯ ಪದ್ಧತಿ. ಎಷ್ಟೋ ಜನ ನಾನು ಹೇಳುತ್ತಿರುವಾಗ ಫೋನು ನೋಡುತ್ತಿರುತ್ತಾರೆ. ನಾನೂ ದೇವಸ್ಥಾನದಲ್ಲಿ ಸಂಕಲ್ಪ ಹೇಳುವ ಪುರೋಹಿತರ ಧಾಟಿಯಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ.

ಗೋಡೆಯ ಮೇಲೆ ಇನ್ನೊಂದು ಅಂಕಿ ಇದೆ. ಎರಡು ವಾರದ ಸಾಲಕ್ಕೆ ಈ ಶುಲ್ಕವನ್ನು ವರ್ಷದ ಬಡ್ಡಿಯ ಲೆಕ್ಕಕ್ಕೆ ತಂದರೆ ಶೇಕಡಾ ನಾನೂರ ಅರವತ್ತು. ಮೊದಲ ಸಲ ನೋಡಿದಾಗ ಅಚ್ಚಿನ ತಪ್ಪು ಇರಬೇಕು ಎಂದುಕೊಂಡೆ. ನಮ್ಮ ಕಡೆ ಬಡ್ಡಿಯನ್ನು ವರ್ಷಕ್ಕೆ ಯಾರು ಹೇಳುತ್ತಾರೆ? ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಎನ್ನುತ್ತಾರೆ. ಎರಡು ರೂಪಾಯಿ ಬಡ್ಡಿ ಎಂದರೆ ನ್ಯಾಯ, ಮೂರು ಎಂದರೆ ಜಾಸ್ತಿಯಾಯಿತು, ಐದು ಎಂದರೆ ಆ ಮನುಷ್ಯನ ಮನೆಯಲ್ಲಿ ನೀರೂ ಕುಡಿಯಬಾರದು ಎಂದು ನಮ್ಮಪ್ಪ ಹೇಳುತ್ತಿದ್ದರು. ನಮ್ಮ ಅಂಗಡಿಯ ದರವನ್ನು ಒಂದು ದಿನ ಅಪ್ಪನ ಭಾಷೆಗೆ ತಂದು ನೋಡಿದೆ. ಮೂವತ್ತೆಂಟು ರೂಪಾಯಿ ಬಡ್ಡಿ ಬಂತು. ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಲು ಇವತ್ತಿಗೂ ಧೈರ್ಯ ಸಾಲದು.

ಆದರೂ ನಾನು ಈ ಅಂಗಡಿಯನ್ನು ಬೈಯಲಾರೆ. ಬರುವವರಿಗೆ ಬೇರೆ ಬಾಗಿಲಿಲ್ಲ, ಅಥವಾ ಬೇರೆ ಬಾಗಿಲು ತಟ್ಟಲು ಮನಸ್ಸಿಲ್ಲ. ಈ ಎರಡನೆಯದು ನನಗೆ ಅರ್ಥವಾದದ್ದು ತೀರಾ ಈಚೆಗೆ.

ಶುಕ್ರವಾರ ನಮ್ಮಲ್ಲಿ ಗಿರಾಕಿ ಜಾಸ್ತಿ. ನನಗೋ ಶುಕ್ರವಾರ ಮನೆಯಿಂದ ದುಡ್ಡು ಹೊರಗೆ ಕೊಟ್ಟು ಅಭ್ಯಾಸವಿಲ್ಲ. ಅಮ್ಮ ಶುಕ್ರವಾರ ದೀಪ ಹಚ್ಚಿದ ಮೇಲೆ ಯಾರಾದರೂ ಮೊಸರಿಗೆ ಹೆಪ್ಪು ಕೇಳಿದರೂ ಕೊಡುತ್ತಿರಲಿಲ್ಲ. ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂಬ ಭಯ. ಅಂಥವಳ ಮಗಳಾದ ನಾನು ಇಲ್ಲಿ ಶುಕ್ರವಾರ ಸಂಜೆಯಿಡೀ ಗಾಜಿನ ಕಿಂಡಿಯಿಂದ ನೋಟು ಹಂಚುತ್ತೇನೆ. ಸೇರಿದ ಹೊಸದರಲ್ಲಿ ಮನಸ್ಸಿನಲ್ಲೇ ಲಕ್ಷ್ಮಿಯ ಕ್ಷಮೆ ಕೇಳಿ ನೋಟು ಎಣಿಸುತ್ತಿದ್ದೆ. ಆಮೇಲೆ ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ: ಇದು ಅಂಗಡಿಯ ಲಕ್ಷ್ಮಿ, ನನ್ನವಳಲ್ಲ. ನನ್ನ ಪರ್ಸಿನ ದುಡ್ಡು ಮಾತ್ರ ಈಗಲೂ ಶುಕ್ರವಾರ ಯಾರಿಗೂ ಕೊಡುವುದಿಲ್ಲ. ನನ್ನ ಮಗಳು ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಾಳೆ.

ಮಗಳ ಕಾಲವೇ ಬೇರೆ. ಗೆಳತಿಯರ ಜೊತೆ ಟೀ ಕುಡಿದು ಬಂದರೆ ಕಾರಿಳಿಯುವುದರೊಳಗೆ ಫೋನಿನಲ್ಲಿ ಎಲ್ಲರಿಗೂ ಅವರವರ ಪಾಲಿನ ದುಡ್ಡಿಗೆ ಬೇಡಿಕೆ ಹೋಗಿರುತ್ತದೆ. ಒಮ್ಮೆ ಯಾರೋ ನಾಲ್ಕು ಡಾಲರ್ ಕಳಿಸಲು ತಡಮಾಡಿದರೆಂದು ನೆನಪಿಸುವ ಸಂದೇಶ ಹಾಕುತ್ತಿದ್ದಳು.

"ನಾಕು ಡಾಲರ್‌ಗೆ ಯಾಕೆ ಆ ಹುಡುಗಿ ಹಿಂದೆ ಬಿದ್ದಿದೀಯ? ಇರ್ಲಿ ಬಿಡು ಅನ್ನು," ಎಂದೆ.

"ಅಮ್ಮಾ, ದಟ್ಸ್ ವಿಯರ್ಡ್. ದೆನ್ ಶೀ ವಿಲ್ ಫೀಲ್ ಬ್ಯಾಡ್," ಎಂದಳು.

ಇರ್ಲಿ ಬಿಡು ಎಂದರೆ ಕೇಳಿದವಳಿಗೆ ಬೇಜಾರಾಗುತ್ತದಂತೆ. ನಾನು ಬೆಳೆದದ್ದು, ಈ ದೇಶದಲ್ಲಿ ಬದುಕಿ ಉಳಿದದ್ದು, ಆ ಮಾತಿನ ಮೇಲೆಯೇ. ಅದನ್ನು ನನಗೆ ಹೇಳುತ್ತಿದ್ದವರು ಹಾಸನದ ಅಕ್ಕ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಯೂನಿಯನ್ ಸಿಟಿಯಲ್ಲಿ ನಮ್ಮ ಎದುರು ಬಾಗಿಲಿನಲ್ಲಿದ್ದವರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ, ಕಾರು ಬಿಡಲು ಬರುತ್ತಿರಲಿಲ್ಲ, ಗಂಡ ಬೆಳಿಗ್ಗೆ ರೈಲು ಹತ್ತಿದರೆ ಕತ್ತಲಾದ ಮೇಲೆ ಬರುತ್ತಿದ್ದರು. ಅಕ್ಕನಿಗೆ ಎಲ್ಲವೂ ಗೊತ್ತಿತ್ತು. ಯಾವ ಗ್ರೋಸರಿಯಲ್ಲಿ ಹಸಿ ಅವರೆಕಾಳು ಸಿಗುತ್ತದೆ, ಮಗುವಿಗೆ ಜ್ವರ ಬಂದರೆ ಯಾರಿಗೆ ಫೋನು ಮಾಡಬೇಕು, ಚಳಿಗಾಲದಲ್ಲಿ ಹೀಟರಿನ ಪಕ್ಕ ಇಟ್ಟು ಇಡ್ಲಿ ಹಿಟ್ಟು ಹುದುಗಿಸುವುದು ಹೇಗೆ. ನನಗೆ ಅಕ್ಕ ಕಾರು ಕಲಿಸಿದರು. ಕಲಿಸುವಾಗ ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ.

ಆಗ ಎರಡೂ ಮನೆಯಲ್ಲಿ ತಿಂಗಳ ಕೊನೆಗೆ ಕೈ ಖಾಲಿ. ಇಪ್ಪತ್ತು, ಮೂವತ್ತು, ಒಮ್ಮೊಮ್ಮೆ ನೂರು ಡಾಲರ್ ಈ ಬಾಗಿಲಿಂದ ಆ ಬಾಗಿಲಿಗೆ, ಆ ಬಾಗಿಲಿಂದ ಈ ಬಾಗಿಲಿಗೆ ಓಡಾಡುತ್ತಿತ್ತು. ಕೈಗಡ ಎನ್ನುತ್ತೇವಲ್ಲ, ಅದು. ಬರೆದಿಡುವುದಿಲ್ಲ, ಬಡ್ಡಿ ಇಲ್ಲ, ಗಡುವಿಲ್ಲ. ನಾನು ವಾಪಸ್ ಕೊಡಲು ಹೋದರೆ ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, "ಇರ್ಲಿ ಬಿಡೆ, ಎಲ್ಲಿಗೆ ಓಡೋಗ್ತೀಯ," ಎನ್ನುತ್ತಿದ್ದರು. ಅವರು ಕೊಡಲು ಬಂದರೆ ನಾನೂ ಅದನ್ನೇ ಹೇಳುತ್ತಿದ್ದೆ. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದು ಕ್ರಮೇಣ ಇಬ್ಬರಿಗೂ ಗೊತ್ತಿಲ್ಲದ ಹಾಗಾಯಿತು. ಗೊತ್ತಿಲ್ಲದಿದ್ದುದರಿಂದಲೇ ದಿನಾ ಬಾಗಿಲು ತಟ್ಟುವುದಕ್ಕೆ ಸಂಕೋಚವಾಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಆಮೇಲೆ ಅವರು ದಕ್ಷಿಣಕ್ಕೆ ಒಂದು ಗಂಟೆ ದಾರಿಯ ಗಿಲ್‌ರಾಯ್‌ನಲ್ಲಿ ಮನೆ ತೆಗೆದುಕೊಂಡರು. ಇಲ್ಲಿ ಅಪಾರ್ಟ್‌ಮೆಂಟಿಗೂ ಸಾಕಾಗದ ದುಡ್ಡಿಗೆ ಅಲ್ಲಿ ಹಿತ್ತಲಿರುವ ಮನೆ. ಗೃಹಪ್ರವೇಶಕ್ಕೆ ಹೋಗಿದ್ದೆವು. ಆ ಊರು ಬೆಳ್ಳುಳ್ಳಿ ಬೆಳೆಗೇ ಹೆಸರಾದದ್ದು, ಹೊಸ ಬಣ್ಣದ ವಾಸನೆಯ ಮೇಲೆ ಬೆಳ್ಳುಳ್ಳಿಯ ವಾಸನೆ ತೇಲುತ್ತಿತ್ತು. "ವಾರಕ್ಕೊಂದ್ಸಲ ಬರ್ತೀನಿ ಕಣೆ," ಎಂದರು ಅಕ್ಕ. ಮೊದಮೊದಲು ಬಂದರು. ಆಮೇಲೆ ಫ್ರೀವೇಯ ಟ್ರಾಫಿಕ್ಕು, ಮಕ್ಕಳ ಈಜು ಕ್ಲಾಸು, ನನ್ನ ಈ ಕೆಲಸ, ಅವರ ಡೇಕೇರ್ ಕೆಲಸ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ನಮ್ಮದು ಸುಮ್ಮನೆ ಸವೆದುಹೋಯಿತು. ಹಬ್ಬಕ್ಕೆ ಫೋನಿನಲ್ಲಿ ದೀಪದ ಚಿತ್ರ ಬರುತ್ತಿತ್ತು, ನಾನೂ ಒಂದು ಕಳಿಸುತ್ತಿದ್ದೆ.

ಅವರು ಕೊನೆಯ ಸಲ ಬಂದಾಗ ಒಂದು ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ತಂದಿದ್ದರು. ಮುಚ್ಚಳದ ಮೇಲೆ ಅವರಮ್ಮನ ಹೆಸರು ಕೆತ್ತಿದೆ. ಬಂದ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದಲ್ಲ, ಏನಾದರೂ ತುಂಬಿ ಕೊಡೋಣ ಎಂದು ಎತ್ತಿಟ್ಟೆ. ತುಂಬಲು ಏನಾದರೂ ಇದ್ದಾಗ ಅವರು ಬರಲಿಲ್ಲ, ಫೋನು ಮಾಡಿದಾಗ ತುಂಬಲು ಏನೂ ಇರಲಿಲ್ಲ. ಡಬ್ಬಿ ಕಪಾಟಿನ ಮೇಲಿನ ಅರೆಯಲ್ಲಿ ಉಳಿದುಬಿಟ್ಟಿತು. ಸ್ಟೂಲು ಹಾಕಿಕೊಂಡು ಆ ಅರೆ ಒರೆಸುವಾಗಲೆಲ್ಲ ಅದನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದೆ. ಇದು ಇಲ್ಲಿರುವ ತನಕ ಅಕ್ಕನಿಗೂ ನನಗೂ ಸಂಬಂಧ ಮುಗಿದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಕ್ಕ ಬೇಕು ಎನ್ನಿಸುತ್ತಿತ್ತು. ಎದುರು ಬಾಗಿಲಿಗೆ ಈಗ ಬಂದಿರುವ ದಂಪತಿ ಒಳ್ಳೆಯವರು, ನಗುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ.

ಈ ವರ್ಷದ ಒಂದು ಶುಕ್ರವಾರ ಮಧ್ಯಾಹ್ನ ಅಂಗಡಿಯ ಬಾಗಿಲ ಗಂಟೆ ಸದ್ದಾಯಿತು. ತಲೆಯೆತ್ತಿದರೆ ಅಕ್ಕ.

ನನ್ನ ಮುಖ ಅರಳಿತು. ನನ್ನನ್ನು ಹುಡುಕಿಕೊಂಡೇ ಬಂದಿದ್ದಾರೆ ಎಂದುಕೊಂಡೆ. ಎಂಥ ದಡ್ಡತನ! ಅವರ ಕೈಯಲ್ಲಿ ಚೆಕ್ ಪುಸ್ತಕವಿತ್ತು, ಸಂಬಳದ ಚೀಟಿಯಿತ್ತು. ನನ್ನನ್ನು ನೋಡಿ ಅವರು ಒಂದು ಹೆಜ್ಜೆ ಹಿಂದೆ ಹೋದರು. ಗಿಲ್‌ರಾಯ್‌ನಲ್ಲೂ ಇಂಥ ಅಂಗಡಿಗಳಿವೆ. ಅಲ್ಲಿಯ ಗುರುತಿನವರು ಯಾರೂ ಕಾಣಬಾರದೆಂದೇ ಇಷ್ಟು ದೂರ ಕಾರು ಓಡಿಸಿಕೊಂಡು ಬಂದಿದ್ದರು. ನಾನು ಫೈನಾನ್ಸಿನಲ್ಲಿ ಎಂದು ಹೇಳಿದ್ದನ್ನು ಅವರೂ ನಂಬಿದ್ದರು.

"ನೀನು ಇಲ್ಲಿ?" ಎಂದರು.

"ಇಲ್ಲೇ ಅಕ್ಕ," ಎಂದೆ. ಇಬ್ಬರ ಗುಟ್ಟೂ ಒಟ್ಟಿಗೆ ಬಯಲಾಗಿದ್ದರಿಂದ ಒಂದು ಕ್ಷಣ ಇಬ್ಬರಿಗೂ ನಗು ಬಂತು. ಹಳೆಯ ನಗು. ಬೇಗ ಆರಿಹೋಯಿತು.

ಭಾವನವರ ಕೆಲಸ ಹೋಗಿ ತಿಂಗಳುಗಳಾಗಿತ್ತಂತೆ. ಬಂದದ್ದೆಲ್ಲ ಮನೆಯ ಕಂತಿಗೆ ಹೋಗುತ್ತಿತ್ತು. ಕಾರ್ಡುಗಳು ತುಂಬಿದ್ದವು. ಕಾರಿನ ಬ್ರೇಕು ಸವೆದಿದೆ, ಬದಲಾಯಿಸಬೇಕು, ಸೋಮವಾರ ಭಾವನಿಗೆ ಸಾನ್ ಹೋಸೆಯಲ್ಲಿ ಇಂಟರ್‌ವ್ಯೂ, ತಮ್ಮ ಡೇಕೇರ್ ಸಂಬಳಕ್ಕೆ ಇನ್ನೂ ಎರಡು ವಾರ ಇದೆ. ತಲೆ ತಗ್ಗಿಸಿಕೊಂಡು, ಬೇರೆ ಯಾರದೋ ಮನೆಯ ಸುದ್ದಿ ಎಂಬಂತೆ ಹೇಳಿದರು. ಒಂದು ಕಾಲದಲ್ಲಿ ಇಂಥ ಮಾತು ಅವರ ಅಡುಗೆಮನೆಯಲ್ಲಿ, ಬಾಣಲೆಯ ಮುಂದೆ ಆಗುತ್ತಿತ್ತು. ಈಗ ನಡುವೆ ಗಾಜು.

ನಾನು ಮುಂದಕ್ಕೆ ಬಾಗಿ ಮೆಲ್ಲಗೆ, "ಅಕ್ಕ, ಇಲ್ಯಾಕೆ ತಗೋತೀರ? ನಾನ್ ಕೊಡ್ತೀನಿ. ಮನೇಗ್ ಬನ್ನಿ," ಎಂದೆ.

"ಇವತ್ತು ಶುಕ್ರವಾರ," ಎಂದರು ಅಕ್ಕ. "ನಿನ್ ಕೈಯಿಂದ ದುಡ್ಡು ಆಚೆ ಹೋಗಬಾರ್ದು."

ಅವರು ಮರೆತಿರಲಿಲ್ಲ. ನಾನು ನಕ್ಕೆ. ಅವರು ನಗಲಿಲ್ಲ.

"ಹಂಗಾದ್ರೆ ನಾಳೆ ಬೆಳಿಗ್ಗೆ ನಾನೇ ಗಿಲ್‌ರಾಯ್‌ಗೆ ತಂದ್ಕೊಡ್ತೀನಿ."

"ಬೇಡ ಕಣೆ." ಚೆಕ್ ಪುಸ್ತಕ ಬಿಚ್ಚುತ್ತಾ ಹೇಳಿದರು: "ನಿನ್ ಹತ್ರ ತಗೊಂಡ್ರೆ ನೀನು ವಾಪಸ್ ಕೇಳಲ್ಲ. ಕೇಳಲ್ಲ ಅಂತ ಗೊತ್ತಲ್ಲ, ಅದಕ್ಕೇ ದಿನಾ ನೆನಪಾಗುತ್ತೆ. ಇವ್ರಿಗಾದ್ರೆ ನಲವತ್ತೈದು ಡಾಲರ್ ಬಿಸಾಕಿದ್ರೆ ಮುಗೀತು."

ಬೇಜಾರಾಯಿತು, ಸಿಟ್ಟೂ ಬಂತು. ಆಗ ಇಬ್ಬರ ಕೈಯೂ ಖಾಲಿಯಾಗಿದ್ದರಿಂದ ಕೈಗಡ ಎರಡೂ ಕಡೆಯಿಂದ ಓಡಾಡುತ್ತಿತ್ತು. ಈಗ ಅದು ಒಂದೇ ಕಡೆಯಿಂದ ಹೋಗಬೇಕಿತ್ತು. ನೂರಕ್ಕೆ ಮೂವತ್ತೆಂಟು ರೂಪಾಯಿಯ ಬಡ್ಡಿ ನನ್ನ ಹಂಗಿಗಿಂತ ಅಕ್ಕನಿಗೆ ಅಗ್ಗ ಎನ್ನಿಸಿತ್ತು. ಇಷ್ಟು ವರ್ಷ ಈ ಕಿಂಡಿಯಲ್ಲಿ ಕೂತು, ಇವರಿಗೆಲ್ಲ ಅಣ್ಣ ತಮ್ಮ, ಅಕ್ಕಪಕ್ಕದವರು ಯಾರೂ ಇಲ್ಲವೇ ಎಂದು ಮನಸ್ಸಿನಲ್ಲೇ ಕೇಳುತ್ತಿದ್ದೆನಲ್ಲ. ಇದ್ದಾರೆ. ಇರುವುದರಿಂದಲೇ ಇಲ್ಲಿಗೆ ಬರುತ್ತಾರೆ.

ಮ್ಯಾನೇಜರ್ ಒಳಗಿನ ಮೇಜಿನಿಂದ ಒಮ್ಮೆ ಈ ಕಡೆ ನೋಡಿದರು. ನಾನು ಇಂಗ್ಲಿಷಿನಲ್ಲಿ ನಿಯಮ ಹೇಳಲು ಶುರುಮಾಡಿದೆ.

"ಕನ್ನಡದಲ್ಲೇ ಹೇಳೆ, ಅದ್ಯಾಕ್ ಹಂಗೆ ಓದ್ತಾ ಇದೀಯ," ಎಂದರು ಅಕ್ಕ.

ಕನ್ನಡದಲ್ಲಿ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಒಂದೊಂದೇ ಮಾತು ಹುಡುಕಿ ಹೇಳಿದೆ. ಮುನ್ನೂರಕ್ಕೆ ಚೆಕ್ ಬರೀರಿ ಅಕ್ಕ, ನಿಮಗೆ ಸಿಗೋದು ಇನ್ನೂರೈವತ್ತೈದು. ಸಂಬಳದ ದಿನ ದುಡ್ಡು ತಂದುಕೊಟ್ಟರೆ ಚೆಕ್ ನಿಮ್ಮ ಕೈಗೇ ವಾಪಸ್, ಬರದಿದ್ದರೆ ನಾವು ಬ್ಯಾಂಕಿಗೆ ಹಾಕ್ತೀವಿ. ಆಗಲಿಲ್ಲ ಅಂದ್ರೆ ಮುಂಚೆ ಬಂದು ಹೇಳಿ, ಸಮಯ ಕೊಟ್ಟರೂ ಅದಕ್ಕೆ ಜಾಸ್ತಿ ದುಡ್ಡು ತಗೊಳ್ಳೋ ಹಾಗಿಲ್ಲ. ಯಾರೂ ನಿಮ್ಮನ್ನ ಹೆದರಿಸೋ ಹಾಗಿಲ್ಲ. ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದ ಮಾತುಗಳೆಲ್ಲ ಎದುರಿಗಿರುವ ಮನುಷ್ಯರಿಗೆ ಹೇಳುವಂಥವು ಎಂದು ಅವತ್ತು ತಿಳಿಯಿತು. ಅಕ್ಕ ಪ್ರತಿ ಮಾತಿಗೂ "ಹೂಂ" ಎಂದರು. ಸಹಿ ಮಾಡಿದರು. ನಾನು ಇನ್ನೂರೈವತ್ತೈದು ಡಾಲರ್ ಎಣಿಸಿ ಕಿಂಡಿಯಿಂದ ಬಲಗೈಯಲ್ಲಿ ಕೊಟ್ಟೆ. ಅವರು ಬಲಗೈಯಲ್ಲಿ ತೆಗೆದುಕೊಂಡರು.

"ಸಂಬಳದ ದಿನ ನಾನೇ ಬಂದು ಕೊಟ್ಟು ಚೆಕ್ ಈಸ್ಕೊಂಡ್ ಹೋಗ್ತೀನಿ," ಎಂದು ಹೇಳಿ ಹೊರಟರು. ಪಾರ್ಕಿಂಗ್ ಲಾಟಿನಲ್ಲಿ ಅವರ ಕಾರು ಕಿರ್ರೆನ್ನುತ್ತ ತಿರುಗಿದ್ದು ನನಗೆ ಕೇಳಿಸಿತು.

ಆ ಎರಡು ವಾರ ನಾನು ಇದ್ದದ್ದೇ ಆ ದಿನಕ್ಕಾಗಿ. ಅಕ್ಕಿ ನೆನೆಹಾಕಿ, ಆರಿಸಿ, ಪುಡಿಮಾಡಿ, ಬೆಲ್ಲದ ಪಾಕಕ್ಕೆ ಹಾಕಿ ಹಿಟ್ಟು ಮಾಗಲು ಇಟ್ಟೆ. ದೀಪಾವಳಿಯಲ್ಲದ ಕಾಲದಲ್ಲಿ ಯಾರು ಕಜ್ಜಾಯ ಮಾಡುತ್ತಾರೆ? ಅಕ್ಕನಿಗೆ ಕಜ್ಜಾಯ ಇಷ್ಟ, ಮಂಡ್ಯದವರದ್ದೇ ಆಗಬೇಕು ಎನ್ನುತ್ತಿದ್ದರು. ಕರಿಯುವಾಗ ಹೊಗೆಯ ಅಲಾರಾಮು ಬಡಿದುಕೊಂಡಿತು, ಮಗಳು ಟವೆಲ್ ಬೀಸಿ ಸುಮ್ಮನಾಗಿಸಿದಳು. ಕಪಾಟಿನಿಂದ ಡಬ್ಬಿ ಇಳಿಸಿ, ತೊಳೆದು, ಒರೆಸಿ, ಕಜ್ಜಾಯ ತುಂಬಿದೆ. ಅಕ್ಕನ ಸಂಬಳದ ದಿನ ಬೆಳಿಗ್ಗೆ ಅಂಗಡಿಗೆ ಒಯ್ದು ಕೌಂಟರಿನ ಕೆಳಗೆ ಇಟ್ಟುಕೊಂಡೆ.

ಬಾಗಿಲ ಗಂಟೆ ಆದಾಗಲೆಲ್ಲ ಎದ್ದು ನಿಂತೆ. ಅಕ್ಕ ಬರಲಿಲ್ಲ. ಮ್ಯಾನೇಜರ್ ಆ ದಿನದ ಚೆಕ್ಕುಗಳನ್ನು ಬ್ಯಾಂಕಿಗೆ ಹಾಕಲು ತೆಗೆದುಕೊಂಡರು, ಅವುಗಳ ನಡುವೆ ಅಕ್ಕನದೂ ಹೋಯಿತು. ಪಾಸಾಯಿತು. ಕಾನೂನಿನ ಪ್ರಕಾರ ಎಲ್ಲ ಸರಿಯಾಯಿತು, ಯಾರೂ ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. ಅಕ್ಕ ಬೇಕೆಂದದ್ದೂ ಅದೇ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತು ನಾನು ಚೆನ್ನಾಗಿ ಅತ್ತೆ. ಲಾಂಡ್ರಿಯಿಂದ ಬಟ್ಟೆಯ ಗಂಟು ಹೊತ್ತು ಬಂದ ಹೆಂಗಸೊಬ್ಬಳು ಗಾಜಿನೊಳಗೆ ನೋಡಿ ಮುಂದೆ ಹೋದಳು.

ಭಾನುವಾರ ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಫೋನು ಬಂತು. ದೀಪದ ಚಿತ್ರವಲ್ಲ, ಅಕ್ಕನ ಧ್ವನಿ.

"ಬರೋಣ ಅಂತ ಹೊರಟೆ ಕಣೆ. ಅರ್ಧ ದಾರಿಗ್ ಬಂದು ವಾಪಸ್ ಹೋದೆ. ಆ ಗಾಜಿನ ಮುಂದೆ ಇನ್ನೊಂದ್ಸಲ ನಿಂತ್ಕೊಳೋಕೆ ಆಗ್ಲಿಲ್ಲ. ಅವ್ರಿಗೆ ಕೆಲಸ ಇನ್ನೂ ಆಗಿಲ್ಲ, ಎರಡನೇ ಇಂಟರ್‌ವ್ಯೂಗೆ ಕರ್ದಿದಾರೆ." ಆಮೇಲೆ ಕೇಳಿದರು, "ಚೆಕ್ ಪಾಸಾಯ್ತಲ್ಲ? ಲೆಕ್ಕ ಚುಕ್ತಾ ತಾನೆ?"

"ಅಂಗಡಿ ಲೆಕ್ಕ ಚುಕ್ತಾ ಅಕ್ಕ. ನನ್ ಹತ್ರ ನಿಮ್ಮ ಡಬ್ಬಿ ಇದೆ."

"ಯಾವ ಡಬ್ಬಿ?"

"ನಿಮ್ಮಮ್ಮನ ಹೆಸರಿರೋದು. ಕೋಡುಬಳೆ ತಂದಿದ್ರಲ್ಲ."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ಡೇಕೇರ್‌ಗೆ ಒಯ್ದಾಗ ಎಲ್ಲೋ ಕಳೆದೋಯ್ತು ಅಂತ ಎಷ್ಟ್ ಹುಡುಕಿದೀನಿ ಗೊತ್ತಾ," ಎಂದರು ಅಕ್ಕ. ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಇವತ್ತೇ ತಂದ್ಕೊಡ್ಲಾ? ಕಜ್ಜಾಯ ತುಂಬಿಟ್ಟಿದೀನಿ."

ನಾನು ಕಾಯುತ್ತಾ ನಿಂತೆ. ಸೋಸಿದ ಕಾಫಿ ಆರುತ್ತಿತ್ತು. ತಾ ಎಂದಿದ್ದರೆ ಹೋಗಿ ಕೊಟ್ಟು ಬರುತ್ತಿದ್ದೆ, ಅಲ್ಲಿಗೆ ಆ ಋಣವೂ ಮುಗಿಯುತ್ತಿತ್ತು.

"ಬೇಡ," ಎಂದರು ಅಕ್ಕ. "ಇರ್ಲಿ ಬಿಡೆ. ನಾನೇ ಬಂದು ತಗೋತೀನಿ."

ಆ ಕಜ್ಜಾಯವನ್ನು ಮಗಳು ತಿಂದು ಮುಗಿಸಿದಳು. ಆಮೇಲೆ ಮತ್ತೆ ಮಾಡಿದೆ, ಅದೂ ಆಯಿತು. ಡಬ್ಬಿಯನ್ನು ನಾನು ಮೇಲಿನ ಅರೆಗೆ ಇಡಲಿಲ್ಲ. ಅದು ಈಗ ಸ್ಟೌವಿನ ಪಕ್ಕ, ಕೈಗೆ ಸಿಗುವ ಹಾಗೆ ಇದೆ. ಅಕ್ಕ ಇನ್ನೂ ಬಂದಿಲ್ಲ.